ಡೆಲಿವರಿ ಹೆಡ್ ಕುರ್ಚಿ ಬಿಟ್ಟು ಜೂನಿಯರ್ ವಕೀಲನಾದೆ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಡೆಲಿವರಿ ಹೆಡ್ ಆಗಿದ್ದೆ, ಅಂದರೆ ಗ್ರಾಹಕರ ಪ್ರಾಜೆಕ್ಟುಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಿಕೊಡುವ ಹೊಣೆ. ಕೈಕೆಳಗೆ ನೂರಕ್ಕೂ ಜಾಸ್ತಿ ಜನ. ಈಗ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನಲ್ಲಿ ಫೈಲ್ ಹಿಡಿದು ಓಡಾಡುವ ಜೂನಿಯರ್ ವಕೀಲ. ನನ್ನ ಸೀನಿಯರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಸಿಕ್ಕವರೆಲ್ಲ ಕೇಳುವುದು ಎಲ್‌ಎಲ್‌ಬಿ ಬಗ್ಗೆ: ಈ ವಯಸ್ಸಲ್ಲಿ ಹೇಗೆ ಓದಿದಿರಿ, ಎಷ್ಟು ಖರ್ಚಾಯಿತು. ಕುರ್ಚಿ ಬಿಟ್ಟದ್ದು ಹೇಗೆ ಅಂತ ಯಾರೂ ಕೇಳಲ್ಲ. ನನಗೆ ಬೆವರಿಳಿಸಿದ್ದು ಅದೇ.

ನಾನು ಮೊದಲು ಹುದ್ದೆ ಬಿಟ್ಟೆ, ಕೆಲಸ ಆಮೇಲೆ ಬಿಟ್ಟೆ. ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನ 90 ದಿನದಲ್ಲಿ ಎಲ್ಲವನ್ನೂ ಒಪ್ಪಿಸಿ ಹೋಗುವುದು ನಮ್ಮ ಕಡೆ ರೂಢಿ. ಅದರಲ್ಲಿ ಮೊದಲ ತಿಂಗಳು ಮನವೊಲಿಕೆಗೆ, ಕೊನೆಯ ತಿಂಗಳು ಬೀಳ್ಕೊಡುಗೆ ಊಟಕ್ಕೆ ಹೋಗುತ್ತದೆ. ಹಾಗಾಗಿ ಬಾಸ್ ಹತ್ತಿರ ನೇರವಾಗಿ ಹೇಳಿದೆ: ಈ ಜಾಗಕ್ಕೆ ಈಗಲೇ ಬೇರೆಯವರನ್ನು ಕೂರಿಸಿ, ಆರು ತಿಂಗಳು ನಾನು ಅವರ ಪಕ್ಕದಲ್ಲಿ ಇರುತ್ತೇನೆ, ಆಮೇಲೆ ಹೋಗುತ್ತೇನೆ. ಅವರು ಒಪ್ಪಿದರು. ಸಂಬಳದ ವೇರಿಯಬಲ್ ಭಾಗ (ಕೆಲಸದ ಸಾಧನೆ ನೋಡಿ ಕೊಡುವ ಹಣ) ಕೈತಪ್ಪಿತು, ಅದು ಗೊತ್ತಿದ್ದೇ ಮಾಡಿದ್ದು.

ಹೊಸ ಹೆಡ್ ಆಗಿ ಬಂದದ್ದು ನಮ್ಮದೇ ಟೀಮಿನ ಹುಡುಗಿ. ಅವಳಿಗೆ ಅಧಿಕಾರ ಒಪ್ಪಿಸಲು ಒಂದು ಇಮೇಲ್ ಸಾಕಾಯಿತು. ಜನರ ಅಭ್ಯಾಸ ತಪ್ಪಿಸಲು ತಿಂಗಳುಗಳೇ ಹಿಡಿದವು. ಮೀಟಿಂಗಿನಲ್ಲಿ ಅವಳು ಮಾತಾಡಿ ಮುಗಿಸಿದ ತಕ್ಷಣ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ತಲೆ ಆಡಿಸಿದರೂ ಕಷ್ಟ, ಆಡಿಸದಿದ್ದರೂ ಕಷ್ಟ. ಕೊನೆಗೆ ಆ ಮೀಟಿಂಗಿಗೆ ಹೋಗುವುದನ್ನೇ ನಿಲ್ಲಿಸಿದೆ. ಯಾರಾದರೂ ಸೀದಾ ನನ್ನ ಟೇಬಲ್‌ಗೆ ಬಂದರೆ "ಅವಳನ್ನೇ ಕೇಳಿ" ಅನ್ನುತ್ತಿದ್ದೆ, ಉತ್ತರ ನಾಲಿಗೆ ತುದಿಯಲ್ಲಿದ್ದರೂ. ಒಂದು ಕೆಲಸ ಮಾತ್ರ ಅವಳಿಗೆ ಬಿಡಲಿಲ್ಲ: ಆ ವರ್ಷದ ಅಪ್ರೈಸಲ್, ಅಂದರೆ ಯಾರ ಕೆಲಸ ಹೇಗಿತ್ತು ಅನ್ನುವ ಮೌಲ್ಯಮಾಪನ. ಯಾರು ರಾತ್ರಿ ಕೂತು ರಿಲೀಸ್ ಉಳಿಸಿದರು, ಯಾರು ಸುಮ್ನೆ ಹೆಸರು ಹಾಕಿಕೊಂಡರು ಅನ್ನುವುದು ನನಗೇ ಗೊತ್ತಿದ್ದದ್ದು. ಅದನ್ನೆಲ್ಲ ಬರೆದು, ಸಹಿ ಮಾಡಿ ಮುಗಿಸಿದ ಮೇಲೇ ರಾಜೀನಾಮೆ ಕಳಿಸಿದ್ದು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮನೆ ಸಾಲ ಮೊದಲು ತೀರಿಸಿದೆವು. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಇದನ್ನು ಜನ ಮರೆಯುತ್ತಾರೆ. ಸ್ವಂತ ಆರೋಗ್ಯ ಪಾಲಿಸಿಯನ್ನು ಕೆಲಸದಲ್ಲಿ ಇರುವಾಗಲೇ ಮಾಡಿಸಿ. ಮೊದಲೇ ಇರುವ ಬಿಪಿ, ಶುಗರ್‌ಗೆ ಕಾಯುವ ಅವಧಿ ಇರುತ್ತದೆ, ಅಷ್ಟು ಕಾಲ ಅವುಗಳ ಖರ್ಚನ್ನು ವಿಮೆ ಕೊಡುವುದಿಲ್ಲ. 2024ರಲ್ಲಿ ನಿಯಮ ಬದಲಾದ ಮೇಲೂ ಅದು 3 ವರ್ಷದವರೆಗೆ ಇರಬಹುದು.

ಓದಿನ ಬಗ್ಗೆಯೂ ಹೇಳುವುದು ಹೆಚ್ಚಿಲ್ಲ. ಡಿಗ್ರಿ ಇದ್ದವರಿಗೆ ಮೂರು ವರ್ಷದ ಎಲ್‌ಎಲ್‌ಬಿ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ. ಕ್ಲಾಸಿನ ಮಕ್ಕಳು ಮೊದಲ ವಾರ ನನ್ನನ್ನು ಲೆಕ್ಚರರ್ ಅಂದುಕೊಂಡು ಎದ್ದು ನಿಂತರು. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ನಮ್ಮ ಕಾಲಕ್ಕೆ ಅದಕ್ಕೆ ಸಾವಿರಗಟ್ಟಲೆ ಕಟ್ಟಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಅಂತ ಹೇಳಿತು. ನೀವು ಅದೃಷ್ಟವಂತರು. ಒಂದು ಗಮನದಲ್ಲಿರಲಿ: ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವ ಹಾಗಿಲ್ಲ. ನೋಂದಣಿ ಆದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸ್ ಮಾಡಬೇಕು.

ಇನ್ನು ಜೂನಿಯರ್ ಬದುಕು. ಬೆಳಿಗ್ಗೆ ಕೇಸು ಕೂಗುವ ಹೊತ್ತಿಗೆ ಸೀನಿಯರ್ ಇನ್ನೊಂದು ಕೋರ್ಟ್ ಹಾಲ್‌ನಲ್ಲಿ ಪಾಟೀಸವಾಲಿನ ಮಧ್ಯೆ ಇರುತ್ತಾರೆ. ನಾನು ಎದ್ದು "ಪಾಸ್‌ಓವರ್ ಕೊಡಿ ಮಹಾಸ್ವಾಮಿ, ಸೀನಿಯರ್ ಬರ್ತಿದ್ದಾರೆ" ಅನ್ನಬೇಕು, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿ ಅಂತ. ಜಡ್ಜ್ ಕಣ್ಣೆತ್ತಿ ನೋಡದೆ ಮುಂದಿನ ಕೇಸು ಕೂಗಿಸುತ್ತಾರೆ. ಅಲ್ಲಿಂದ ಕಾಯುವುದು. ಹಿಂದೆ ನಾನು ಹತ್ತು ನಿಮಿಷ ತಡ ಮಾಡಿದರೆ ಒಂದು ರೂಮಿನಷ್ಟು ಜನ ಕಾಯುತ್ತಿದ್ದರು. ಈಗ ನಾನು ಬಂದೆನೋ ಇಲ್ಲವೋ ಅಂತ ಗಮನಿಸುವುದು ಬೆಂಚ್ ಕ್ಲರ್ಕ್ ಒಬ್ಬರೇ, ಅದೂ ಮೆಮೊ ಕೊಡುವುದಿದ್ದರೆ. ಆಫೀಸಿನಲ್ಲಿ ಆ ಆರು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿರದಿದ್ದರೆ ಇದನ್ನು ಒಂದು ವಾರವೂ ತಡೆಯುತ್ತಿರಲಿಲ್ಲ.

ಹಳೆಯ ಕೆಲಸದಿಂದ ಏನು ಉಪಯೋಗಕ್ಕೆ ಬಂತು? ಭಾಷಣ, ಪ್ರೆಸೆಂಟೇಶನ್ ಯಾವುದೂ ಅಲ್ಲ. ದಿನಾಂಕ ಹಿಡಿಯುವ ಚಟ. ಚೆಕ್ ಬೌನ್ಸ್ ಕೇಸನ್ನೇ ನೋಡಿ. ಚೆಕ್ ವಾಪಸ್ ಆಯಿತು ಅಂತ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಎದುರಿನವರಿಗೆ 15 ದಿನ. ಅದು ಮುಗಿದ ಒಂದು ತಿಂಗಳೊಳಗೆ ದೂರು. ನಮ್ಮ ಆಫೀಸಿನ ಇಂಥ ಎಲ್ಲ ಕೇಸನ್ನೂ ನಾನು ಒಂದು ಎಕ್ಸೆಲ್ ಶೀಟಿಗೆ ಹಾಕಿದೆ, ಗಡುವು ಹತ್ತಿರ ಬಂದದ್ದು ಕೆಂಪಾಗುವ ಹಾಗೆ. ಸೀನಿಯರ್ ಇವತ್ತಿಗೂ ತಮ್ಮ ಡೈರಿಯಲ್ಲೇ ಬರೆಯುತ್ತಾರೆ. ಆದರೆ ಸಂಜೆ "ಕೆಂಪು ಏನಾದ್ರೂ ಇದ್ಯಾ?" ಅಂತ ಕೇಳದೆ ಮನೆಗೆ ಹೋಗುವುದಿಲ್ಲ.

ಕನ್ನಡ ಮಾತ್ರ ಮೊದಲಿಂದ ಕಲಿಯಬೇಕಾಯಿತು. ಇಪ್ಪತ್ತು ವರ್ಷ ಇಂಗ್ಲಿಷ್ ಇಮೇಲ್ ಬರೆದ ಕೈ ನನ್ನದು. ದಾವೆಯ ಷೆಡ್ಯೂಲಿನಲ್ಲಿ (ಆಸ್ತಿಯ ವಿವರ ಬರೆಯುವ ಭಾಗ) ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಬರೆಯಲು, ಹಳೆಯ ಪಹಣಿ ಓದಲು ನಮ್ಮ ಆಫೀಸಿನ ಕ್ಲರ್ಕ್ ಹತ್ತಿರ ಪಾಠ ಹೇಳಿಸಿಕೊಂಡೆ.

ಒಂದು ದಿನ ಮಾತ್ರ ಎಲ್ಲರೂ ಸಮ ಆದರು. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ ಸೆಕ್ಷನ್ 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318 ಆಯಿತು. ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರೂ ಬಾರ್ ಅಸೋಸಿಯೇಷನ್ ಕ್ಯಾಂಟೀನಿನಲ್ಲಿ ಹೊಸ ಪುಸ್ತಕ ತಿರುವುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ ಆಯಿತು.

ಸಂಪಾದನೆ? ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಉಳಿತಾಯ ಇಲ್ಲದೆ ಇಳಿಯಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಇತ್ತೀಚೆಗೆ ನನ್ನ ಹೆಸರಿನಲ್ಲೇ ಮೊದಲ ವಕಾಲತ್ತು ಹಾಕಿದೆ. ಬಾಡಿಗೆ ಮನೆ ಖಾಲಿ ಮಾಡಿದರೂ ಹತ್ತು ತಿಂಗಳ ಅಡ್ವಾನ್ಸ್ ವಾಪಸ್ ಸಿಗದ ಒಬ್ಬ ಟೆಕ್ಕಿಯ ಕೇಸು. ದಾವೆಯ ಕರಡು ನೋಡಿದ ಸೀನಿಯರ್ ಎರಡು ಪ್ಯಾರಾ ಹೊಡೆದುಹಾಕಿ, "ಇದು ಮೀಟಿಂಗ್ ಮಿನಿಟ್ಸ್ ಅಲ್ಲ ಸ್ವಾಮಿ" ಅಂದರು. ಸಮನ್ಸ್ ಹೋಗಿದೆ. ಮುಂದಿನ ವಾಯಿದೆ ಬೇಸಿಗೆ ರಜೆ ಮುಗಿದ ಮೇಲೆ.