ಅಮೆರಿಕದ ಕೌಂಟಿ ಫೇರ್‌ಗೆ ನಮ್ಮ ಕಸೂತಿ, ಕೌದಿ ಹಾಕೋದು ಹೇಗೆ

ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ಕೌಂಟಿ ಫೇರ್ ಅಂದ್ರೆ ಇಲ್ಲಿಯ ದನದ ಜಾತ್ರೆ, ತೇರು ಒಂದಿಲ್ಲ ಅಷ್ಟೇ. ಹಸು, ಹಂದಿ, ಕುರಿ, ಕೋಳಿ, ಆಳುದ್ದದ ಮುಸುಕಿನ ಜೋಳದ ದಂಟು, ಜೈಂಟ್ ವೀಲು, ಕಡ್ಡಿಗೆ ಚುಚ್ಚಿ ಎಣ್ಣೇಲಿ ಕರಿದಿದ್ದು ಏನೇನೋ. ನಮ್ಮೋರು ಹೋಗ್ತಾರೆ, ಮಕ್ಕಳ ಕೈಲಿ ಮೇಕೆಮರಿ ಮುಟ್ಟಿಸ್ತಾರೆ, ಫೋಟೋ ತೆಕ್ಕೊಂಡು ಬರ್ತಾರೆ. ಅಲ್ಲೇ ಒಂದು ಮೂಲೇಲಿ ಶೀಟಿನ ಬಿಲ್ಡಿಂಗ್ ಇರುತ್ತೆ ನೋಡಿ, ಒಳಗೆ ಗೋಡೆ ತುಂಬ ಕ್ವಿಲ್ಟು (ಇಲ್ಲಿಯೋರ ಕೌದಿ), ಗಾಜಿನ ಬೀರುವಲ್ಲಿ ಸ್ವೆಟರು, ಲೇಸು, ಎಂಬ್ರಾಯ್ಡರಿ, ಸಾಲಾಗಿ ಜಾಮ್ ಬಾಟ್ಲಿ, ಕೆಲವಕ್ಕೆ ಬಹುಮಾನದ ನೀಲಿ ರಿಬ್ಬನ್ ಸಿಕ್ಕಿಸಿರ್ತಾರೆ, ಅಲ್ಲಿಗೆ ನಮ್ಮೋರು ಕಾಲಿಡೋದೇ ಕಮ್ಮಿ, ಇಟ್ರೂ ಬಿಸಿಲು ತಡೀಲಾರದೆ. ಆ ರಿಬ್ಬನ್ ಏನಿದ್ರೂ ಇಲ್ಲಿಯ ಅಜ್ಜಿಯರಿಗೆ ಅಂತ ನಾನೂ ಅಂದ್ಕೊಂಡಿದ್ದೆ. ಮೂರು ವರ್ಷದಿಂದ ಹಾಕ್ತಾ ಇದೀನಿ, ಮೊದಲ ವರ್ಷ ಬರಿಗೈ, ಎರಡನೇ ವರ್ಷ ಕೆಂಪು ಅಂದ್ರೆ ಎರಡನೇ ಬಹುಮಾನ, ಹೋದ ವರ್ಷ ನೀಲಿ, ಅದೇ ಮೊದಲನೇದು. ನಾನಿರೋದು ಮಿನ್ನೆಸೋಟಾದಲ್ಲಿ, ಬೇರೆ ರಾಜ್ಯದಲ್ಲಿ ಸಣ್ಣಪುಟ್ಟ ರೂಲ್ಸ್ ಬೇರೆ ಇರುತ್ತೆ, ಕ್ರಮ ಮಾತ್ರ ಒಂದೇ.

ಮೊದಲು ಇದು ಯಾಕೆ ಶುರುವಾಯ್ತು ಗೊತ್ತಿದ್ರೆ ಜಡ್ಜುಗಳು ಏನು ನೋಡ್ತಾರೆ ಅನ್ನೋದು ತಾನಾಗೇ ಅರ್ಥ ಆಗುತ್ತೆ. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಅನ್ನೋ ಊರಲ್ಲಿ ಎಲ್ಕಾನಾ ವಾಟ್ಸನ್ ಅನ್ನೋನು ಎರಡು ಮೆರಿನೋ ಕುರಿ ತಂದು ಊರ ಮಧ್ಯ ಮರದ ಕೆಳಗೆ ಕಟ್ಟಿದ, ಒಳ್ಳೇ ಉಣ್ಣೆ ಕೊಡೋ ತಳಿ ಅಂತ ಜನ ನೋಡಲಿ ಅಂತ. ಜನ ಮುಗಿಬಿದ್ರು, ಅದೇ ಬೆಳೆದು ಬರ್ಕ್‌ಶೈರ್ ದನದ ಮೇಳ ಆಯ್ತು. ಆಗ ಇಂಗ್ಲೆಂಡಿನ ಬಟ್ಟೆ ಬಿಟ್ಟು ಮನೇಲೇ ನೂತು ನೇಯ್ಬೇಕು ಅನ್ನೋ ಹುಮ್ಮಸ್ಸು ಇತ್ತು, ಒಂಥರಾ ಅವರ ಸ್ವದೇಶಿ ಚಳವಳಿ ಅನ್ನಿ, ಹಾಗಾಗಿ ಹೆಂಗಸರು ನೇಯ್ದ ಬಟ್ಟೆಗೂ ಬಹುಮಾನ ಇಟ್ಟ. ಹೆಂಗಸರು ನಾಚ್ಕೊಂಡು ಬರಲೇ ಇಲ್ವಂತೆ, ಕಡೆಗೆ ತನ್ನ ಹೆಂಡ್ತೀನೇ ಕರ್ಕೊಂಡ್ಬಂದು ಕೂರಿಸಿದ ಮೇಲೆ ಉಳಿದೋರು ಬಂದ್ರು. ಅಂದ್ರೆ ಈ ಸ್ಪರ್ಧೆ ಹುಟ್ಟಿದ್ದು ಅಂದಚೆಂದಕ್ಕಲ್ಲ, ಗಟ್ಟಿಮುಟ್ಟಾಗಿ, ನೀಟಾಗಿ ಕೆಲಸ ಮಾಡೋದನ್ನ ಊರಿಗೆ ತೋರಿಸಕ್ಕೆ. ಇವತ್ತಿಗೂ ಜಡ್ಜುಗಳು ನೋಡೋದು ಅದನ್ನೇ, ಡಿಸೈನ್ ಆಮೇಲಿನ ಮಾತು.

ಈಗ ಕೆಲಸಕ್ಕೆ ಬರೋಣ. ಪ್ರತಿ ಫೇರಿಗೂ ಒಂದು ಪ್ರೀಮಿಯಂ ಬುಕ್ ಇರುತ್ತೆ, ಇನ್ಶೂರೆನ್ಸ್ ಪ್ರೀಮಿಯಂ ಅಲ್ಲ, ಬಹುಮಾನದ ಪಟ್ಟಿ. ಫೇರಿನ ವೆಬ್‌ಸೈಟಲ್ಲಿ ಪಿಡಿಎಫ್ ಹಾಕಿರ್ತಾರೆ. ಫೇರು ಜುಲೈ ಆಗಸ್ಟಲ್ಲಿ ಆದ್ರೂ ಎಂಟ್ರಿ ಹಾಕೋ ಕೊನೇ ದಿನ ಎಷ್ಟೋ ಕಡೆ ವಾರಗಟ್ಟಲೆ ಮುಂಚೆನೇ ಮುಗಿದಿರುತ್ತೆ, ಹಾಗಾಗಿ ಬೇಸಿಗೆ ಶುರುವಾಗ್ತಿದ್ದ ಹಾಗೇ ಹುಡುಕಿ. ಅದರಲ್ಲಿ ಮೂರು ವಿಷಯ ನೋಡ್ಕೊಳ್ಳಿ: ಯಾರು ಹಾಕಬಹುದು (ಸಾಮಾನ್ಯವಾಗಿ ಆ ಕೌಂಟಿನೋ ರಾಜ್ಯನೋ ಅಲ್ಲಿ ವಾಸ ಇರಬೇಕು ಅಂತಾರೆ), ವಸ್ತು ಎಷ್ಟು ಹಳೇದಿರಬಹುದು, ಮತ್ತೆ ಯಾವ ಕ್ಲಾಸು, ಅಂದ್ರೆ ಸ್ಪರ್ಧೆಯ ಯಾವ ಗುಂಪು. ನೀವೇ ಮಾಡಿದ್ದಾಗಿರಬೇಕು ಅನ್ನೋದು ಎಲ್ಲಾ ಕಡೆ ಇರೋ ರೂಲು. ಊರಿಂದ ಬಂದ ಅತ್ತೆ ಹೊಲಿದಿದ್ದನ್ನ ಸೊಸೆ ಹೆಸರಲ್ಲಿ ಹಾಕೋ ಆಸೆ ಬೇಡ ಕಣ್ರೀ. 1933ರ ಷಿಕಾಗೋ ವಿಶ್ವ ಮೇಳದಲ್ಲಿ ಸಿಯರ್ಸ್ ಕಂಪನಿ ಕ್ವಿಲ್ಟ್ ಸ್ಪರ್ಧೆ ಇಟ್ಟಿತ್ತು, ಮೊದಲ ಬಹುಮಾನ 1000 ಡಾಲರ್, ಆ ಕಾಲಕ್ಕೆ ದೊಡ್ಡ ಗಂಟು, ಗೆದ್ದಾಕೆ ಒಂದು ಹೊಲಿಗೇನೂ ತಾನು ಹಾಕಿರ್ಲಿಲ್ಲ, ಬೇರೆ ಹೆಂಗಸರ ಕೈಲಿ ಹೊಲಿಸಿದ್ಲು ಅಂತ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು. ಇವತ್ತಿಗೂ ಕ್ವಿಲ್ಟ್ ಮಾಡೋರು ಆ ಕತೆ ಹೇಳ್ತಾರೆ.

ಕ್ಲಾಸ್ ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ಮೊದಲ ವರ್ಷ ಒಂದು ಕಸೂತಿ ಕುಶನ್ ಕವರ್ ಮಾಡಿದ್ದೆ, ನಡುವೆ ಗೋಪುರ, ಸುತ್ತ ಸಣ್ಣ ಸಣ್ಣ ತುಳಸಿಕಟ್ಟೆ, ಕಪ್ಪು ಬಟ್ಟೆ ಮೇಲೆ ಬಿಳಿ, ಕೆಂಪು ದಾರ. ಪ್ರೀಮಿಯಂ ಬುಕ್ಕಲ್ಲಿ ಎಂಬ್ರಾಯ್ಡರಿ ಕೆಳಗೆ ಇಪ್ಪತ್ತು ಕ್ಲಾಸ್ ಇತ್ತು, ಓದೋ ತಾಳ್ಮೆ ಇಲ್ದೆ ಕ್ರಾಸ್ ಸ್ಟಿಚ್ (ಗುಣಿಸೋ ಗುರುತಿನ ಥರದ ಹೊಲಿಗೆ) ಅಂತ ಕಂಡಿದ್ದಕ್ಕೆ ಟಿಕ್ ಹಾಕ್ಬಿಟ್ಟೆ. ಹೋಗಿ ನೋಡಿದ್ರೆ ರಿಬ್ಬನ್ ಇಲ್ಲ, ಕಾಮೆಂಟ್ ಕಾರ್ಡಲ್ಲಿ ಒಂದೇ ಸಾಲು, ಕೆಲಸ ಬಹಳ ಚೆನ್ನಾಗಿದೆ ಆದ್ರೆ ಇದು ಕ್ರಾಸ್ ಸ್ಟಿಚ್ ಅಲ್ಲ ಅಂತ. ಉರಿದುಹೋಯ್ತು, ಆದ್ರೆ ಅವರು ಬರೆದಿದ್ದು ಸರಿ. ಕಸೂತೀಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ಅದರಲ್ಲಿ ಮೆಂತಿ ಒಂದೇ ಕ್ರಾಸ್ ಸ್ಟಿಚ್, ನಂದು ಪೂರ್ತಿ ಗವಂತಿ ಮುರ್ಗಿ, ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲಿನ ಥರ ಅಂಕುಡೊಂಕು. ಇಲ್ಲಿಯೋರು ಗವಂತೀನ ಡಬಲ್ ರನ್ನಿಂಗ್ ಇಲ್ಲಾ ಹೋಲ್ಬೈನ್ ಸ್ಟಿಚ್ ಅಂತಾರೆ, ಬ್ಲ್ಯಾಕ್‌ವರ್ಕ್ ಅಂತ ಅವರದ್ದೇ ಹಳೇ ಕಸೂತಿ ಒಂದಿದೆ, ಅದರ ಹೊಲಿಗೆನೂ ಇದೇ. ಹಾಗಾಗಿ ಕೌಂಟೆಡ್ ಥ್ರೆಡ್ (ಎಳೆ ಎಣಿಸಿ ಹಾಕೋದು) ಅಥವಾ ಬ್ಲ್ಯಾಕ್‌ವರ್ಕ್ ಅಂತ ಕ್ಲಾಸ್ ಇದ್ರೆ ಅದಕ್ಕೆ ಹಾಕಿ, ಇಲ್ದಿದ್ರೆ ಎಂಬ್ರಾಯ್ಡರಿ, ಇತರೆ ಅಂತ ಇರುತ್ತೆ ಅದಕ್ಕೆ. ಅನುಮಾನ ಬಂದ್ರೆ ಆ ವಿಭಾಗದ ಸೂಪರಿಂಟೆಂಡೆಂಟ್‌ಗೆ ಒಂದು ಮೇಲ್ ಹಾಕಿ, ಫೋಟೋ ಕಳಿಸಿ, ಖುಷಿಯಿಂದ ಹೇಳ್ತಾರೆ.

ಹೊಲಿಗೆ ವಿಷಯ. ಜಡ್ಜು ನಿಮ್ಮ ಬಟ್ಟೇನ ಕೈಗೆ ತಗೊಂಡು ಒಂದು ಕ್ಷಣ ಮುಂದೆ ನೋಡ್ತಾರೆ, ಆಮೇಲೆ ತಿರುಗಿಸ್ತಾರೆ. ಎಲ್ಲಾ ತೀರ್ಮಾನ ಆಗೋದು ಆ ಹಿಂಬದೀಲಿ. ದಾರ ಒಂದು ಹೂವಿಂದ ಇನ್ನೊಂದು ಹೂವಿಗೆ ಹಾರಿದ್ಯಾ, ಗಂಟು ಇದ್ಯಾ, ತುದಿ ಜೋತಾಡ್ತಾ ಇದ್ಯಾ. ಇದರಲ್ಲಿ ನಮ್ಮ ಕಸೂತಿ ಹುಟ್ಟಿನಿಂದ್ಲೇ ಒಂದು ಹೆಜ್ಜೆ ಮುಂದೆ, ಗವಂತಿ ಮುರ್ಗಿ ಎರಡೂ ಸರಿಯಾಗಿ ಹಾಕಿದ್ರೆ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ. ನಮ್ಮತ್ತೆ ಧಾರವಾಡದೋರು, ನಾನು ತುಮಕೂರಿನೋಳು, ಮದುವೆ ಆದ್ಮೇಲೆ ಕಲಿತಿದ್ದು, ಅವರು ಯಾವತ್ತೂ ನನ್ನ ಕೆಲಸದ ಮುಂದಿನ ಭಾಗ ನೋಡಿದೋರೇ ಅಲ್ಲ. “ಗಂಟ ಹಾಕಿದಿ ಅಂದ್ರ ಅದು ಕಸೂತಿ ಅಲ್ಲವಾ, ಬಿಚ್ಚ ಮೊದ್ಲ” ಅಂತಿದ್ರು. ಗಂಟಿಲ್ದೆ ಶುರು ಮಾಡೋದು ಹೀಗೆ: ಎರಡು ಇಂಚು ದಾರ ಹಿಂದೆ ಬಿಡಿ, ಎಳೆ ಎಣಿಸ್ಕೊಂಡು ಒಂದು ಬಿಟ್ಟು ಒಂದು ಹೊಲಿಗೆ ಹಾಕ್ತಾ ಹೋಗಿ, ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗ ತುಂಬ್ತಾ ಬರ್ತೀರಲ್ಲ, ಆಗ ಆ ಬಿಟ್ಟ ತುದೀನ ಹೊಲಿಗೆ ಒಳಗೇ ಸೇರಿಸ್ಕೊಂಡ್ಬಿಡಿ. ಎಲ್ಲಿಂದ ಹೊರಟ್ರೋ ಅಲ್ಲಿಗೇ ಸೂಜಿ ಬರೋ ಹಾಗೆ ದಾರಿ ಮೊದಲೇ ಪೇಪರ್ ಮೇಲೆ ಗುರುತು ಮಾಡ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ, ಗೋಪುರದಲ್ಲಿ ಕವಲು ಜಾಸ್ತಿ, ದಾರಿ ತಪ್ಪಿದ್ರೆ ಬಿಚ್ಚೋದೇ ಗತಿ. ಊರಲ್ಲಿ ಮ್ಯಾಟಿ ಬಟ್ಟೆ ಮೇಲೆ ಕಲೀತೀವಲ್ಲ, ಇಲ್ಲಿ ಈವನ್‌ವೀವ್ ಅಂತ ಕೇಳಿ, ಎಳೆ ಎಣಿಸಕ್ಕೆ ಸುಲಭ. ಕವರ್ ಮಾಡಿ ಹಿಂಬದಿ ಮುಚ್ಚಿಬಿಟ್ರೆ ಈ ಅನುಕೂಲ ಎಲ್ಲಾ ಹಾಳು, ಅದಕ್ಕೆ ಎರಡನೇ ವರ್ಷದಿಂದ ನಾನು ಟೇಬಲ್ ರನ್ನರ್ ಮಾತ್ರ ಹಾಕೋದು, ಎರಡೂ ಕಡೆ ಕಾಣಲಿ ಅಂತ.

ಕೌದಿ ಹಾಕೋರಿಗೆ ಇನ್ನೊಂಚೂರು ಕಷ್ಟ ಇದೆ. ಕ್ವಿಲ್ಟ್ ಜಡ್ಜುಗಳ ಕಣ್ಣು ಅಂಚಿನ ಪಟ್ಟಿ ಮೇಲೆ, ಪಟ್ಟಿ ಒಳಗೆ ಪೊಳ್ಳಿರಬಾರದು, ಮೂಲೆ ಚೂಪಾಗಿ ಕೂತಿರಬೇಕು, ನೇತು ಹಾಕಿದಾಗ ಅಲೆಅಲೆಯಾಗಿ ನಿಲ್ಲಬಾರದು. ನಮ್ಮ ಕೌದಿ ಹಳೇ ಸೀರೆ, ಹಳೇ ಅಂಗಿ ಪದರ ಪದರ ಇಟ್ಟು ಹೊಲಿಯೋದು, ಸೀರೆ ಎಳೆಯುತ್ತೆ, ಸೊಟ್ಟ ಆಗೇ ಆಗುತ್ತೆ. ಅದಕ್ಕೆ ಮಾಮೂಲಿ ಕ್ವಿಲ್ಟ್ ಕ್ಲಾಸಲ್ಲಿ ಅಮೆರಿಕದೋರ ಅಳತೆಪಟ್ಟಿ ಜೊತೆ ಪೈಪೋಟಿಗೆ ಇಳಿಯೋದಕ್ಕಿಂತ ಕೈಹೊಲಿಗೆ, ಹಳೇ ಬಟ್ಟೆ ಮರುಬಳಕೆ ಅನ್ನೋ ಥರ ಕ್ಲಾಸ್ ಇದ್ಯಾ ನೋಡಿ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ಹೂ ಹೊಲೀತಾರೆ, ಅದಿಲ್ದಿದ್ರೆ ಕೌದಿ ಬೆತ್ತಲೆ ಅಂತಾರೆ. ಅಂಥದ್ದೇನಾದ್ರೂ ನಿಮ್ಮ ಕೌದೀಲಿ ಇದ್ರೆ ಕಾರ್ಡಲ್ಲಿ ಬರೀಲೇಬೇಕು, ಇಲ್ದಿದ್ರೆ ಮೂಲೇಲಿ ಏನೋ ಬಟ್ಟೆ ಚೂರು ಅಂಟ್ಕೊಂಡಿದೆ ಅಂದ್ಕೋತಾರೆ. ಹಿಂದೆ ಮೇಲಂಚಿಗೆ ಕೋಲು ತೂರಿಸಿ ನೇತು ಹಾಕಕ್ಕೆ ಬಟ್ಟೆಯ ಕೊಳವೆ ಹೊಲೀಬೇಕು ಅಂತ ಎಷ್ಟೋ ಫೇರಲ್ಲಿ ಕೇಳ್ತಾರೆ, ಅಗಲ ಎಷ್ಟು ಅಂತ ಬುಕ್ಕಲ್ಲಿರುತ್ತೆ.

ಕಾರ್ಡ್ ಅಂದ್ನಲ್ಲ, ಕೆಲವು ಕಡೆ ಸಣ್ಣ ವಿವರಣೆ ಲಗತ್ತಿಸಕ್ಕೆ ಬಿಡ್ತಾರೆ. ಪುರಾಣ ಬೇಡ, ಮೂರು ಸಾಲು ಸಾಕು. ಕರ್ನಾಟಕದ ಧಾರವಾಡದ ಕಸೂತಿ, ಎಳೆ ಎಣಿಸಿ ಹಾಕಿದ್ದು, ಗಂಟಿಲ್ಲ, ಎರಡೂ ಕಡೆ ಒಂದೇ. ನಿಮ್ಮ ಹೆಸರು ಮಾತ್ರ ಎಲ್ಲೂ ಕಾಣಬಾರದು, ಎಂಟ್ರಿ ಟ್ಯಾಗಲ್ಲೂ ಹೆಸರಿನ ಭಾಗ ಮಡಚಿಟ್ಟಿರ್ತಾರೆ.

ಕೊಡೋ ಮುಂಚೆ ಒಗೀರಿ. ನೀರಲ್ಲಿ ಹೋಗೋ ನೀಲಿ ಮಾರ್ಕರ್ ಪೆನ್ನಲ್ಲಿ ಡಿಸೈನ್ ಗುರುತು ಹಾಕಿದ್ರೆ ಮೊದಲು ತಣ್ಣೀರಲ್ಲಿ ಪೂರ್ತಿ ಹೋಗಿಸಿ, ಗುರುತಿದ್ದಂಗೇ ಇಸ್ತ್ರಿ ಹಾಕಿದ್ರೆ ಕಲೆ ಅಲ್ಲೇ ಕೂತ್ಬಿಡುತ್ತೆ. ಬೆಕ್ಕಿನ ಕೂದಲು, ಧೂಳು ರೋಲರಲ್ಲಿ ತೆಗೀರಿ. ಇನ್ನೊಂದು, ಹೇಳಕ್ಕೆ ನಾಚಿಕೆ ಆದ್ರೂ ಹೇಳ್ತೀನಿ, ವಾಸನೆ. ನಮ್ಮ ಮನೆ ಬಟ್ಟೆಗೆ ಇಂಗಿನ ಒಗ್ಗರಣೆ ವಾಸನೆ ಹಿಡಿದಿರೋದು ನಮಗೇ ಗೊತ್ತಾಗಲ್ಲ, ಜಡ್ಜಿಗೆ ಮೂಗಿನ ಹತ್ರ ಬಂದ ತಕ್ಷಣ ಗೊತ್ತಾಗುತ್ತೆ. ಒಗೆದು ಹೊರಗೆ ಗಾಳೀಲಿ ಎರಡು ದಿನ ಆಡಿಸಿ, ಸೆಂಟು, ನುಸಿಗುಳಿಗೆ ಯಾವುದೂ ಬೇಡ.

ಜಡ್ಜಿಂಗ್ ಕೆಲವು ಕಡೆ ಬಾಗಿಲು ಹಾಕ್ಕೊಂಡು ಮಾಡ್ತಾರೆ, ಕೆಲವು ಕಡೆ ಓಪನ್, ನೀವು ಕುರ್ಚೀಲಿ ಕೂತು ಕೇಳಬಹುದು. ಓಪನ್ ಇದ್ರೆ ಆಫೀಸಿಗೆ ರಜೆ ಹಾಕಿಯಾದ್ರೂ ಹೋಗಿ. ಜಡ್ಜು ಒಂದೊಂದೇ ಎತ್ತಿ ಇಲ್ಲಿ ಎಳೆ ಬಿಗಿ ಆಗಿದೆ, ಇಲ್ಲಿ ಸಡಿಲ ಅಂತ ಗಟ್ಟಿಯಾಗಿ ಹೇಳ್ತಾ ಹೋಗ್ತಾರೆ, ಪಕ್ಕದಲ್ಲೊಬ್ರು ಬರ್ಕೋತಾರೆ, ಒಂದು ಮಧ್ಯಾಹ್ನದಲ್ಲಿ ಎಷ್ಟೋ ಯೂಟ್ಯೂಬ್ ವಿಡಿಯೋದಲ್ಲಿ ಸಿಗದಷ್ಟು ಕಲೀತೀರ. ರಿಬ್ಬನ್ ಬಣ್ಣ: ನೀಲಿ ಮೊದಲು, ಕೆಂಪು ಎರಡು, ಬಿಳಿ ಮೂರು, ನೇರಳೆ ಬಂದ್ರೆ ಎಲ್ಲರ ಮೇಲೆ. ಕೆನಡಾದಲ್ಲಿ ಕೆಂಪೇ ಮೊದಲು, ಟೊರಾಂಟೊ ಕಡೆ ಇರೋರು ಕೆಂಪು ಸಿಕ್ತು ಅಂತ ಬೇಜಾರು ಮಾಡ್ಕೋಬೇಡಿ. ಡ್ಯಾನಿಶ್ ಪದ್ಧತಿ ಅಂತ ಇನ್ನೊಂದಿದೆ, ಅದರಲ್ಲಿ ಒಬ್ಬರ ಜೊತೆ ಒಬ್ಬರಿಗೆ ಪೈಪೋಟಿ ಇಲ್ಲ, ಅಳತೆಗೋಲಿಗೆ ಮುಟ್ಟಿದೋರಿಗೆಲ್ಲಾ ನೀಲಿ. ಮಕ್ಕಳಿಗೆ ಬೇಸಾಯ, ಕೈಕೆಲಸ ಎಲ್ಲಾ ಕಲಿಸೋ 4-ಎಚ್ ಕ್ಲಬ್ಬಲ್ಲಿ ಸಾಮಾನ್ಯವಾಗಿ ಇದೇ, ಜಡ್ಜು ಮಗು ಎದುರಿಗೇ ಕೂತು ನೀನು ಹೇಗೆ ಮಾಡ್ದೆ, ಏನು ತಪ್ಪಾಯ್ತು ಅಂತ ಕೇಳ್ತಾರೆ, ಸ್ಪೆಲ್ಲಿಂಗ್ ಬೀಗಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ.

ಕೌಂಟೀಲಿ ಕೈ ಪಳಗಿದ ಮೇಲೆ ಸ್ಟೇಟ್ ಫೇರ್. ನಮ್ಮ ಮಿನ್ನೆಸೋಟಾದ್ದು 1859ರಿಂದ ನಡೀತಿರೋದು, ಲೇಬರ್ ಡೇಗೆ (ಸೆಪ್ಟೆಂಬರ್ ಮೊದಲ ಸೋಮವಾರ) ಮುಗಿಯೋ 12 ದಿನ, ಕೆಲವು ವರ್ಷ 20 ಲಕ್ಷ ಜನ ದಾಟಿದ್ದೂ ಇದೆ. ಅಲ್ಲಿ ಕ್ರಾಪ್ ಆರ್ಟ್ ಅಂತ ಒಂದಿದೆ, ಹಲಗೆ ಮೇಲೆ ಬೀಜ ಒಂದೊಂದೇ ಅಂಟಿಸಿ ಚಿತ್ರ ಮಾಡೋದು, ರಂಗೋಲಿ ಕೈ ಇರೋರಿಗೆ ಹೇಳಿಮಾಡಿಸಿದ್ದು. ಆದ್ರೆ ಮಿನ್ನೆಸೋಟಾದಲ್ಲಿ ಬೆಳೆಯೋ ಬೆಳೆಯ ಬೀಜನೇ ಆಗಬೇಕು, ಪಟೇಲ್ ಬ್ರದರ್ಸ್ ಅನ್ನೋ ಇಂಡಿಯನ್ ಅಂಗಡಿಯಿಂದ ತೊಗರಿಬೇಳೆ ಚೀಲ ತಂದು ಕೂರೋ ಮುಂಚೆ ರೂಲ್ಸ್ ಓದ್ಕೊಳ್ಳಿ.

ಉಪ್ಪಿನಕಾಯಿ ಹಾಕಬಹುದಾ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಎಣ್ಣೆ ಮಾವಿನಕಾಯಿ ಅಲ್ಲಿ ನಡೆಯಲ್ಲ. ಪರೀಕ್ಷೆ ಆದ ರೆಸಿಪಿ, ಮೇಸನ್ ಜಾರ್ ಅನ್ನೋ ಬಿಗಿ ಮುಚ್ಚಳದ ಗಾಜಿನ ಬಾಟ್ಲಿ, ಕುದಿನೀರಲ್ಲಿ ಇಷ್ಟು ನಿಮಿಷ ಅಂತ ಅವರ ಲೆಕ್ಕನೇ ಬೇರೆ, ಅಜ್ಜಿ ಭರಣಿ ಅವರಿಗೆ ಲೆಕ್ಕಕ್ಕಿಲ್ಲ.

ಕೊನೇದಾಗಿ ವಾಪಸ್ ತರೋದು. ವಸ್ತು ಕೊಟ್ಟಾಗ ಟ್ಯಾಗಿಂದ ಒಂದು ಚೀಟಿ ಹರಿದು ಕೊಡ್ತಾರೆ, ಅದರ ಫೋಟೋ ತೆಗೆದಿಟ್ಕೊಳ್ಳಿ. ಫೇರ್ ಮುಗಿದ ಮೇಲೆ ವಾಪಸ್ ಕೊಡಕ್ಕೆ ಒಂದೋ ಎರಡೋ ದಿನ ಅಷ್ಟೇ ಇಟ್ಟಿರ್ತಾರೆ, ಆಮೇಲೆ ನಿಮ್ಮ ಹಣೆಬರಹ. ನನ್ನ ನೀಲಿ ರಿಬ್ಬನ್ ಜೊತೆ 6 ಡಾಲರಿನ ಚೆಕ್ ಬಂತು, ದಾರಕ್ಕೇ 11 ಡಾಲರ್ ಕೊಟ್ಟಿದ್ದೆ, ಚೆಕ್ ಇನ್ನೂ ಬ್ಯಾಂಕಿಗೆ ಹಾಕಿಲ್ಲ, ಫ್ರಿಜ್ ಮೇಲೆ ಅಂಟಿಸಿದೀನಿ.