ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲವೇ? ಕರೆಂಟು ಎಲ್ಲಿಯವರೆಗೆ ಬಂದಿದೆ, ಮೊದಲು ನೋಡಿ

ಬಟನ್ ಒತ್ತಿದರೆ ಫ್ಯಾನ್ ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ, ಸದ್ದೇ ಇಲ್ಲ. ಆಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು ‘ಮದರ್‌ಬೋರ್ಡ್ ಹೋಯಿತು’. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಗೋಡೆಯ ಸಾಕೆಟ್‌ನಿಂದ ಹೊರಟ ಕರೆಂಟು ಪ್ರೊಸೆಸರ್ ತಲುಪುವ ಮೊದಲು ಹಲವು ಕಡೆ ನಿಂತುಹೋಗಬಹುದು. ಅದೇ ದಾರಿಯಲ್ಲಿ ಹೊರಗಿನಿಂದ ಒಳಗೆ ಹುಡುಕುತ್ತ ಹೋದರೆ ಸುಮ್ಮನೆ ಬಿಡಿಭಾಗ ಕೊಳ್ಳುವ ಖರ್ಚು ತಪ್ಪುತ್ತದೆ.

ಮೊದಲು ಲಕ್ಷಣವನ್ನು ಸರಿಯಾಗಿ ಗಮನಿಸಿ. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ತೊಂದರೆ ಬೇರೆಯದು. ಮಾನಿಟರ್ ಕೇಬಲ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಬೇಕು. ಒಂದು ಕ್ಷಣ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಯಾವ ಸದ್ದೂ ಇಲ್ಲದ ಕಂಪ್ಯೂಟರ್ ಬಗ್ಗೆ.

ಹೊರಗಿನ ಪರೀಕ್ಷೆ

ಅದೇ ಸಾಕೆಟ್‌ಗೆ ಬೇರೇನನ್ನಾದರೂ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್, ಯುಪಿಎಸ್ ಎರಡನ್ನೂ ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ. ಪವರ್ ಕಾರ್ಡ್ (ಕರೆಂಟಿನ ವೈರು) ಮೇಲೆ ಅನುಮಾನವಿದ್ದರೆ ಮಾನಿಟರ್‌ನ ಕಾರ್ಡ್ ತೆಗೆದು ಇದಕ್ಕೆ ಹಾಕಿ ನೋಡಿ; ಅನೇಕ ಮಾನಿಟರ್‌ಗಳದ್ದು ಅದೇ ಬಗೆಯ ಪಿನ್. ಕ್ಯಾಬಿನೆಟ್ ಹಿಂಭಾಗದಲ್ಲಿ ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿ) ಸಣ್ಣ ಸ್ವಿಚ್ ಇರುತ್ತದೆ. ಅದರಲ್ಲಿ ಗೀಟಿನ ಗುರುತು ಆನ್, ಸೊನ್ನೆಯ ಗುರುತು ಆಫ್. ದೂಳು ಒರೆಸುವಾಗಲೋ ಮೇಜು ಸರಿಸುವಾಗಲೋ ಕೈ ತಾಗಿ ಇದು ಆಫ್ ಆಗುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದಿರುವ ಇನ್ನೊಂದು ಸ್ವಿಚ್ ಇದ್ದರೆ ಪರೀಕ್ಷೆಗೆಂದು ಅದನ್ನು ಸರಿಸಲೇಬೇಡಿ. 230 ವೋಲ್ಟ್ ಬರುವ ಕಡೆ ಅದನ್ನು 115ಕ್ಕೆ ಇಟ್ಟರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ.

ಇಷ್ಟಕ್ಕೂ ಆಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ತೆಗೆಯಿರಿ. ಮುಂಭಾಗದ ಯುಎಸ್‌ಬಿ ಪೋರ್ಟ್‌ನೊಳಗೆ ಒಂದು ಪಿನ್ ಬಾಗಿ ಪಕ್ಕದ ಲೋಹಕ್ಕೆ ತಾಗಿದರೂ ಯಂತ್ರ ಆನ್ ಆಗದೇ ಇರಬಹುದು; ಟಾರ್ಚ್ ಹಿಡಿದು ನೋಡಿ. ಆಮೇಲೆ ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ವೋಲ್ಟೇಜ್ ಏರುಪೇರಾದಾಗ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗಿ ಹಾಗೇ ಉಳಿದಿದ್ದರೆ ಇಷ್ಟರಿಂದಲೇ ಸರಿಹೋಗುತ್ತದೆ.

ಮುಚ್ಚಳ ತೆಗೆದ ಮೇಲೆ

ಪವರ್ ಕಾರ್ಡ್ ಕಿತ್ತೇ ಮುಚ್ಚಳ ತೆಗೆಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಮುಂದೆಯೂ ಏನನ್ನೇ ಕೀಳುವ, ಹಾಕುವ ಮೊದಲು ಪವರ್ ಕಾರ್ಡ್ ಹೊರಗಿರಲಿ. ಯಂತ್ರ ಆಫ್ ಇದ್ದಾಗಲೂ ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟು ಬರುತ್ತಲೇ ಇರುತ್ತದೆ.

ಪವರ್ ಬಟನ್ ಮಾಡುವ ಕೆಲಸ ಏನೆಂದು ತಿಳಿದರೆ ಮುಂದಿನದೆಲ್ಲ ಸುಲಭ. ಅದು ಕರೆಂಟನ್ನು ನೇರವಾಗಿ ಹರಿಸುವುದಿಲ್ಲ. ಒತ್ತಿದಾಗ ಮದರ್‌ಬೋರ್ಡ್‌ನ ಎರಡು ಪಿನ್‌ಗಳು ಒಂದು ಕ್ಷಣ ಕೂಡುತ್ತವೆ, ಅಷ್ಟೇ. ಆ ಸಂಕೇತ ಸಿಕ್ಕ ಬೋರ್ಡ್, ಎಸ್‌ಎಂಪಿಎಸ್‌ನ ಹಸಿರು ವೈರಿನ ಮೂಲಕ ‘ಶುರುಮಾಡು’ ಎನ್ನುತ್ತದೆ. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್ ಕೊಟ್ಟು, ಎಲ್ಲ ಸರಿಯಿದೆ ಎಂಬ ಸಂಕೇತವನ್ನು ವಾಪಸ್ ಕಳಿಸಿದ ಮೇಲೆಯೇ ಪ್ರೊಸೆಸರ್ ಕೆಲಸಕ್ಕೆ ಇಳಿಯುವುದು.

ಹಾಗಾಗಿ ಬಟನ್ ಅಥವಾ ಅದರ ತೆಳು ವೈರು ಕೆಟ್ಟರೂ ಇಡೀ ಕಂಪ್ಯೂಟರ್ ಸತ್ತಂತೆ ಕಾಣುತ್ತದೆ. ಪರೀಕ್ಷೆ ಹೀಗೆ: ಬೋರ್ಡ್‌ನ ಅಂಚಿನಲ್ಲಿ, ಮುಂಭಾಗದ ಸಣ್ಣ ವೈರುಗಳು ಬಂದು ಸೇರುವ ಕಡೆ, ಪವರ್ ಸ್ವಿಚ್‌ನ ಜೋಡಿ ಪಿನ್ ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಆ ವೈರನ್ನು ಎಳೆದು ತೆಗೆಯಿರಿ. ಈಗ ಪವರ್ ಕಾರ್ಡ್ ಹಾಕಿ, ಸಣ್ಣ ಸ್ಕ್ರೂಡ್ರೈವರ್‌ನ ತುದಿಯನ್ನು ಆ ಎರಡು ಪಿನ್‌ಗಳಿಗೆ ಮಾತ್ರ ಒಂದು ಕ್ಷಣ ತಾಗಿಸಿ. ಫ್ಯಾನ್ ತಿರುಗಿತೇ? ಹಾಗಿದ್ದರೆ ಕೆಟ್ಟಿರುವುದು ಬಟನ್ ಅಥವಾ ಅದರ ವೈರು. ರೀಸೆಟ್ ಬಟನ್‌ನ ವೈರನ್ನೇ ಪವರ್ ಪಿನ್‌ಗೆ ಸಿಕ್ಕಿಸಿ ಯಂತ್ರವನ್ನು ಆರಾಮಾಗಿ ಬಳಸಬಹುದು.

ತಿರುಗಲಿಲ್ಲವೆಂದರೆ ಪವರ್ ಕಾರ್ಡ್ ಕಿತ್ತು 24 ಪಿನ್‌ನ ದೊಡ್ಡ ಕನೆಕ್ಟರ್ ಮತ್ತು ಪ್ರೊಸೆಸರ್ ಬಳಿಯ 4 ಅಥವಾ 8 ಪಿನ್‌ನ ಕನೆಕ್ಟರ್ ಎರಡನ್ನೂ ತೆಗೆದು, ಕ್ಲಿಪ್ ಟಕ್ ಎನ್ನುವಂತೆ ಮತ್ತೆ ಕೂರಿಸಿ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ (ಪುಟ್ಟ ಡಬ್ಬಿಯಂಥ ಭಾಗಗಳ) ತಲೆ ಉಬ್ಬಿದೆಯೇ, ಸುಟ್ಟ ಕಲೆ ಇದೆಯೇ, ಕೆಳಗೆ ಸ್ಕ್ರೂ ಬಿದ್ದಿದೆಯೇ ನೋಡಿ.

ಕನಿಷ್ಠಕ್ಕೆ ಇಳಿಸಿ

ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳು, ಮುಂಭಾಗದ ಯುಎಸ್‌ಬಿ ಕೇಬಲ್ ಎಲ್ಲ ತೆಗೆಯಿರಿ. ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್ ಮತ್ತು ಒಂದೇ ಒಂದು ರ್‍ಯಾಮ್ ಉಳಿಯಲಿ. ಆಗ ಆನ್ ಆದರೆ ಒಂದೊಂದನ್ನೇ ಸೇರಿಸುತ್ತ ಹೋಗಿ. ಯಾವುದನ್ನು ಹಾಕಿದಾಗ ಮತ್ತೆ ನಿಲ್ಲುತ್ತದೋ ಅದೇ ತೊಂದರೆಯ ಮೂಲ. ಪ್ರತಿ ಸಲವೂ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಆದರೂ ಆನ್ ಆಗದಿದ್ದರೆ ಉಳಿಯುವುದು ಎಸ್‌ಎಂಪಿಎಸ್ ಮತ್ತು ಬೋರ್ಡ್. ಸರಿಯಿರುವ ಬೇರೆ ಎಸ್‌ಎಂಪಿಎಸ್ ಒಂದನ್ನು ಜೋಡಿಸಿ ನೋಡುವುದೇ ನಂಬಬಹುದಾದ ಪರೀಕ್ಷೆ. ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಎಸ್‌ಎಂಪಿಎಸ್ ಅನ್ನು ಒಂಟಿಯಾಗಿ ಚಾಲೂ ಮಾಡುವ ರೂಢಿ ಇದೆ. ಅದರ ಫಲಿತಾಂಶವನ್ನು ಪೂರ್ತಿ ನೆಚ್ಚಬೇಡಿ. ಫ್ಯಾನ್ ತಿರುಗಿದ ಎಸ್‌ಎಂಪಿಎಸ್ ಕೂಡ ಲೋಡ್ ಬಿದ್ದಾಗ ಸೋಲಬಹುದು. ಕೆಲವು ಹೊಸ ಮಾದರಿಗಳು ಬಿಸಿಯೇರುವವರೆಗೆ ಫ್ಯಾನ್ ತಿರುಗಿಸುವುದೇ ಇಲ್ಲ. ಮಲ್ಟಿಮೀಟರ್ ಇದ್ದವರು ಈ ಪರೀಕ್ಷೆಯಲ್ಲಿ 12 ವೋಲ್ಟ್‌ನ ಹಳದಿ ವೈರು ಅಳೆದರೆ 11.4ರಿಂದ 12.6ರೊಳಗೆ ತೋರಿಸಬೇಕು.

ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪವರ್ ಕಾರ್ಡ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯ ತರುವಷ್ಟು ವೋಲ್ಟೇಜ್ ಉಳಿದಿರಬಹುದು. ಸುಟ್ಟ ವಾಸನೆ ಬಂದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವುದೂ ಬೇಡ; ಕೆಟ್ಟ ಎಸ್‌ಎಂಪಿಎಸ್ ಉಳಿದ ಭಾಗಗಳನ್ನೂ ಹಾಳುಮಾಡಬಲ್ಲದು.

ಬೇರೆ ಎಸ್‌ಎಂಪಿಎಸ್‌ಗೂ ಜಗ್ಗದಿದ್ದರೆ ಬೋರ್ಡ್ ಅನ್ನು ರಿಪೇರಿಯವರಿಗೆ ಕೊಡುವ ಹೊತ್ತು. ಕೊಡುವ ಮೊದಲು ಡಿಸ್ಕ್ ಬಿಚ್ಚಿ ನಿಮ್ಮ ಬಳಿ ಇಟ್ಟುಕೊಳ್ಳಿ. ಕಂಪ್ಯೂಟರ್ ಆನ್ ಆಗದಿದ್ದರೂ ಸಾಮಾನ್ಯವಾಗಿ ಅದರಲ್ಲಿರುವ ಫೋಟೊ, ಕಡತಗಳಿಗೆ ಏನೂ ಆಗಿರುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ ಸಂಕೇತಕ್ಕೆ ಬದಲಿಸಿದ್ದು) ಆಗಿಲ್ಲದಿದ್ದರೆ ಇನ್ನೊಂದು ಯಂತ್ರಕ್ಕೆ ಜೋಡಿಸಿ ಪ್ರತಿ ತೆಗೆಯಬಹುದು. ಆಗಿದ್ದರೆ ರಿಕವರಿ ಕೀ ಬೇಕಾಗುತ್ತದೆ.