ಆರ್ಕೆಸ್ಟ್ರಾಕ್ಕೆ ಹಾಡು ಕಲಿತ ಬಗೆ

ಗಣೇಶನ ಹಬ್ಬಕ್ಕೆ ಹನ್ನೆರಡೇ ದಿನ ಉಳಿದಿದ್ದಾಗ ನಾನು ಆರ್ಕೆಸ್ಟ್ರಾ ತಂಡವೊಂದಕ್ಕೆ ಡ್ರಮ್ಮರ್ ಆಗಿ ಸೇರಿದೆ. ಅಂದೇ 42 ಚಿತ್ರಗೀತೆಗಳ ಪಟ್ಟಿ ಕೈಗೆ ಬಂತು. ಹೆಚ್ಚಿನವು ಚಿಕ್ಕಂದಿನಿಂದ ಕೇಳಿದ ಹಾಡುಗಳೇ ಆಗಿದ್ದುದರಿಂದ, ಧ್ವನಿಮುದ್ರಿತ ಹಾಡಿನ ಜೊತೆ ನುಡಿಸಿ ನುಡಿಸಿ ಎಲ್ಲವನ್ನೂ ಬಾಯಿಪಾಠ ಮಾಡಿದೆ.

ಮೊದಲ ಕಾರ್ಯಕ್ರಮದಲ್ಲಿ, ಧ್ವನಿಮುದ್ರಣದಲ್ಲಿ ಇದ್ದ ಜಾಗದಲ್ಲೇ ಪಲ್ಲವಿ ಮುಗಿಸುವ ರೋಲ್ (ಡ್ರಮ್ಮುಗಳ ಮೇಲಿನ ಬಿರುಸಿನ ಬಡಿತ) ಬಾರಿಸಿದೆ. ಆದರೆ ಗಾಯಕಿ ಜನರ ಉತ್ಸಾಹ ಕಂಡು ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡಿದ್ದರು. ಕೀಬೋರ್ಡ್ ನನ್ನೊಡನೆ ಮುಂದಕ್ಕೆ ಹೋಯಿತು, ಬೇಸ್ ಗಿಟಾರ್ ಅವರೊಡನೆ ಉಳಿಯಿತು, ಎರಡು ಆವರ್ತಗಳಷ್ಟು (ತಾಳದ ಎರಡು ಸುತ್ತುಗಳಷ್ಟು) ಹೊತ್ತು ಹಾಡು ಚದುರಿಹೋಯಿತು. "ನನ್ನ ಸಾಲು ಮುಗಿದ ಮೇಲೆ ರೋಲ್ ಬರಬೇಕಪ್ಪಾ, ಕ್ಯಾಸೆಟ್ಟಿನ ಸಾಲು ಮುಗಿದಾಗ ಅಲ್ಲ" ಎಂದು ಅವರು ವೇದಿಕೆಯ ಹಿಂದೆ ಮೆಲ್ಲಗೆ ಹೇಳಿದರು.

ಅಂದಿನಿಂದ ನಾನು ಕೋಲು ಮುಟ್ಟುವ ಮೊದಲು ಸಾಹಿತ್ಯವನ್ನು ಕಲಿಯುತ್ತೇನೆ. ಪಲ್ಲವಿ ಮತ್ತು ಚರಣಗಳ ಕೊನೆಯ ಪದವನ್ನಷ್ಟೇ ಹಾಳೆಯಲ್ಲಿ ಬರೆದು, ಅದರ ಪಕ್ಕದಲ್ಲಿ ರೋಲ್ ಇದೆಯೋ, ಎಲ್ಲರೂ ಒಟ್ಟಿಗೆ ನಿಲ್ಲುವ ಕಟ್ ಇದೆಯೋ ಗುರುತು ಹಾಕಿಕೊಳ್ಳುತ್ತೇನೆ. ನಡುವೆ ವಾದ್ಯಗಳಷ್ಟೇ ನುಡಿಯುವ ಬಿಜಿಎಂಗೆ ಮಾತ್ರ ಆವರ್ತಗಳ ಲೆಕ್ಕ ಬೇಕು, ಏಕೆಂದರೆ ಅಲ್ಲಿ ಹಿಡಿದುಕೊಳ್ಳಲು ಪದಗಳಿರುವುದಿಲ್ಲ. ಹಾಳೆಯ ಮೂಲೆಯಲ್ಲಿ ವೇಗವನ್ನು ಬರೆದಿರುತ್ತೇನೆ. ನಿಮಿಷಕ್ಕೆ 96 ಬಡಿತದ ಹಾಡು ವೇದಿಕೆಯ ಹುರುಪಿನಲ್ಲಿ 104ಕ್ಕೆ ಏರಿದರೆ, ಉದ್ದನೆಯ ಸಾಲುಗಳಲ್ಲಿ ಗಾಯಕರಿಗೆ ಉಸಿರೆಳೆದುಕೊಳ್ಳಲು ಬಿಡುವು ಸಿಗದು.

ನನ್ನನ್ನು ಹೆಚ್ಚು ಕಾಡಿದ್ದು ತಾಳದ ಒಂದು ಸುತ್ತಿಗೆ ಆರು ಮಾತ್ರೆ (ಎಣಿಕೆ) ಇರುವ ಹಳೆಯ ಹಾಡುಗಳು. ಅವುಗಳಲ್ಲಿ ತಬಲಾ "ಧಾ ಧೀ ನಾ, ಧಾ ತೀ ನಾ" ಎಂದು ದಾದ್ರಾ ನಡೆಯಲ್ಲಿ ಸಾಗುತ್ತಿರುತ್ತದೆ. ನಾಲ್ಕನೆಯ ಮಾತ್ರೆ ಖಾಲಿಯ ಜಾಗ, ಅಂದರೆ ತಾಳ ಹಗುರಾಗುವ ಜಾಗ. ನಾನು ಅಭ್ಯಾಸಬಲದಿಂದ ಅಲ್ಲಿಯೇ ಸ್ನೇರ್ ಡ್ರಮ್ಮನ್ನು ಬಲವಾಗಿ ಹೊಡೆಯುತ್ತಿದ್ದೆ, ಹಾಡಿನ ತೂಗಾಟವೇ ನಿಂತುಹೋಗುತ್ತಿತ್ತು. ಈಗ ಕೋಲನ್ನು ಸ್ನೇರಿನ ಮೇಲೆ ಅಡ್ಡಲಾಗಿಟ್ಟು ಅಂಚನ್ನು ಮೆಲ್ಲಗೆ ತಟ್ಟುತ್ತೇನೆ. ಮೂಲದಲ್ಲಿ ತಬಲಾ, ಢೋಲಕ್, ಡ್ರಮ್ಸ್ ಮೂರೂ ಇದ್ದು ನಮ್ಮಲ್ಲಿ ನಾನೊಬ್ಬನೇ ಇರುವಾಗ ಮಾತ್ರ ಢೋಲಕ್ಕಿನ ನಡೆಯನ್ನು ರಿದಮ್ ಪ್ಯಾಡಿಗೆ (ತಟ್ಟಿದರೆ ಬೇರೆ ವಾದ್ಯಗಳ ದನಿ ಕೊಡುವ ವಿದ್ಯುನ್ಮಾನ ಫಲಕಕ್ಕೆ) ತಂದುಕೊಂಡು, ಉಳಿದುದನ್ನು ಬಿಟ್ಟುಬಿಡುತ್ತೇನೆ. ಎಲ್ಲವನ್ನೂ ನುಡಿಸಲು ಹೊರಟರೆ ಹಾಡುವವರ ಮಾತೇ ಕೇಳಿಸುವುದಿಲ್ಲ.

ನವೆಂಬರಿನ ರಾಜ್ಯೋತ್ಸವದ ವೇದಿಕೆಯಲ್ಲಿ ಅದೇ ಗಾಯಕಿ ಅದೇ ಸಾಲನ್ನು ಮೂರು ಸಲ ಹಾಡಿದರು. ನಾನು ಅವರ ತುಟಿಯನ್ನೇ ನೋಡುತ್ತಾ ಕಾದಿದ್ದು, ಮೂರನೆಯ ಸಲ ಕೊನೆಯ ಪದ ಬಿದ್ದ ಕೂಡಲೇ ರೋಲ್ ಬಾರಿಸಿದೆ. ಕೀಬೋರ್ಡೂ ಬೇಸೂ ಒಟ್ಟಿಗೇ ಬಿಜಿಎಂಗೆ ಬಂದು ಸೇರಿದವು.